ಮರಳಿನ ಅಕ್ಷರದಿಂದ ಸ್ವಂತ ವಾಕ್ಯದವರೆಗೆ

1823ರ ಆಗಸ್ಟ್ 17ರಂದು ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ ಮದ್ರಾಸಿನ ಕಂದಾಯ ಮಂಡಳಿಗೆ ಒಂದು ವರದಿ ಕಳಿಸಿದ. ಪ್ರಾಂತದಲ್ಲಿ ಎಷ್ಟು ಶಾಲೆಗಳಿವೆ, ಎಷ್ಟು ಮಕ್ಕಳು ಓದುತ್ತಿದ್ದಾರೆ ಎಂದು ಗವರ್ನರ್ ಥಾಮಸ್ ಮನ್ರೋ ಹಿಂದಿನ ವರ್ಷ ಎಲ್ಲ ಕಲೆಕ್ಟರುಗಳನ್ನೂ ಕೇಳಿದ್ದ. ಕ್ಯಾಂಪ್‌ಬೆಲ್ ಭಾಷೆಗಳ ಹುಚ್ಚಿದ್ದ ಅಧಿಕಾರಿ. 1816ರಲ್ಲೇ ತೆಲುಗು ವ್ಯಾಕರಣವೊಂದನ್ನು ಬರೆದಿದ್ದವನು. ಹಾಗಾಗಿ ಅವನ ವರದಿ ಕೋಷ್ಟಕ ತುಂಬುವುದಕ್ಕೇ ನಿಲ್ಲಲಿಲ್ಲ.

ಮೊದಲಿಗೆ ಲೆಕ್ಕವಿದೆ. ಬಳ್ಳಾರಿ ಜಿಲ್ಲೆಯಲ್ಲಿ 533 ಶಾಲೆಗಳು. ಅವುಗಳಲ್ಲಿ ಕನ್ನಡದವು 235, ತೆಲುಗಿನವು 226. ಓದುವ ಮಕ್ಕಳು ಒಟ್ಟು 6,641. ಅವರಲ್ಲಿ ಹುಡುಗಿಯರು ಬರೀ 60. ಲೆಕ್ಕ ಮುಗಿದ ಮೇಲೆ ವರದಿ ಶಾಲೆಯ ಒಳಗೆ ಬರುತ್ತದೆ. ಬೆಳಿಗ್ಗೆ ಆರಕ್ಕೆ ಶಾಲೆ ಶುರು. ಮೊದಲು ಬಂದ ಮಗುವಿನ ಅಂಗೈ ಮೇಲೆ ಸರಸ್ವತಿಯ ಹೆಸರು ಬರೆಯುತ್ತಾರೆ, ಎರಡನೆಯದಾಗಿ ಬಂದವನ ಅಂಗೈಗೆ ಒಂದು ಸೊನ್ನೆ, ಮೂರನೆಯವನಿಗೆ ಮೆಲ್ಲನೆ ಒಂದು ಏಟು, ನಾಲ್ಕನೆಯವನಿಗೆ ಎರಡು. ಆಮೇಲೆ ಮಕ್ಕಳು ಸಾಮಾನ್ಯವಾಗಿ ನಾಲ್ಕು ತಂಡಗಳಾಗಿ ಕೂರುತ್ತಾರೆ. ಚಿಕ್ಕವರನ್ನು ದೊಡ್ಡ ಹುಡುಗರು ನೋಡಿಕೊಳ್ಳುತ್ತಾರೆ, ದೊಡ್ಡವರನ್ನು ಮೇಷ್ಟರು.

ಬರವಣಿಗೆ ಮರಳಿನ ಮೇಲೆ ಬೆರಳಿನಿಂದ ಶುರುವಾಗುತ್ತದೆ. ಕೈ ಕುದುರಿದ ಮೇಲೆ ಓಲೆಗರಿ, ಕಾಗದ, ಇಲ್ಲವೇ ಕಡತ. ಇಂದು ಸರ್ಕಾರಿ ಕಚೇರಿಯ ಫೈಲಿಗೆ ಕಡತ ಎನ್ನುತ್ತೇವೆ. ಆಗ ಅದು ಬಟ್ಟೆಯ ಪುಸ್ತಕ. ಬಟ್ಟೆಗೆ ಗಂಜಿ ಹಾಕಿ ಗಟ್ಟಿ ಮಾಡಿ, ಪುಸ್ತಕದಂತೆ ಮಡಚಿ, ಇದ್ದಿಲು ಮತ್ತು ಅಂಟು ಕಲಸಿ ಬಳಿಯುತ್ತಿದ್ದರು. ಬಳಪದಲ್ಲಿ ಬರೆದು, ಒದ್ದೆ ಬಟ್ಟೆಯಲ್ಲಿ ಒರೆಸಿ, ಮತ್ತೆ ಬರೆಯಬಹುದು.

ಬರೆಯಲು ಕಲಿಸುವ ಈ ಮಿತವ್ಯಯದ ಕ್ರಮವನ್ನೂ, ಮುಂದುವರಿದವರು ಹಿಂದಿರುವವರಿಗೆ ಕಲಿಸುವ ಪದ್ಧತಿಯನ್ನೂ ಕ್ಯಾಂಪ್‌ಬೆಲ್ ಮನಸಾರೆ ಮೆಚ್ಚಿದ್ದಾನೆ. ಅವನ ತಕರಾರು ಬೇರೆ ಕಡೆ ಇತ್ತು. ಮಕ್ಕಳು ಬಾಯಿಪಾಠ ಮಾಡುವ ಪದ್ಯಗಳ ಭಾಷೆ ಅವರು ಆಡುವ, ವ್ಯವಹರಿಸುವ ಭಾಷೆಯಲ್ಲ; ಹಾಗಾಗಿ ಓದಿದ್ದರ ಅರ್ಥ ಗಿಳಿಗೆ ಗೊತ್ತಿರುವಷ್ಟೇ ಅವರಿಗೂ ಗೊತ್ತು ಎಂಬುದು ಅವನ ದೂರು. ದೊಡ್ಡ ಹುಡುಗರು ಲೆಕ್ಕ ಕಲಿಯುತ್ತಿದ್ದರು, ಕರಾರು ಪತ್ರದ ನಮೂನೆಗಳನ್ನು ಕಲಿಯುತ್ತಿದ್ದರು. ಅಕ್ಷರ ಬಂತು, ನಮೂನೆಯೂ ಬಂತು. ತಾನು ಕಂಡದ್ದನ್ನು ತಾನೇ ಹೇಳುವ ನಾಲ್ಕು ವಾಕ್ಯದ ಪ್ರಸ್ತಾಪ ಮಾತ್ರ ಅಲ್ಲಿಲ್ಲ.

ಆ ಶಾಲೆಗಳನ್ನು ಹಗುರವಾಗಿ ಕಾಣಬೇಕಿಲ್ಲ. ತಮಿಳು ಸೀಮೆಯ ತಿಣ್ಣೈ ಶಾಲೆಗಳ ಬಗ್ಗೆ ಕೆಲಸ ಮಾಡಿರುವ ಇತಿಹಾಸಕಾರ ಸೆಂಥಿಲ್ ಬಾಬು, ಅಲ್ಲಿನ ಬಾಯಿಪಾಠ ಬರೀ ಗಿಣಿಪಾಠವಲ್ಲ, ಅಳತೆ ಲೆಕ್ಕಗಳನ್ನು ತಲೆಯಲ್ಲೇ ಮಾಡುವ ಕೌಶಲವನ್ನು ಕಟ್ಟುವ ದಾರಿ ಎಂದು ತೋರಿಸಿದ್ದಾರೆ. ಊರಿಗೆ ಬೇಕಾದ ಕರಣಿಕ, ಶಾನುಭೋಗ, ವ್ಯಾಪಾರಿಗಳನ್ನು ಆ ಶಾಲೆ ತಯಾರು ಮಾಡುತ್ತಿತ್ತು. ಆ ಕೆಲಸಕ್ಕೆ ಸ್ವಂತ ವಾಕ್ಯ ಬೇಕಿರಲಿಲ್ಲ, ತಪ್ಪಿಲ್ಲದ ನಕಲು ಬೇಕಿತ್ತು. ಆದರೆ ಕೆಲಸ ಬದಲಾದ ಮೇಲೂ, ಶಾಲೆ ಎಲ್ಲರದೂ ಆದ ಮೇಲೂ, ಹತ್ತು ಹನ್ನೆರಡು ವರ್ಷದ ಮಗುವಿಗೆ ಬರವಣಿಗೆ ಎಂದರೆ ನಕಲೇ ಆಗಿ ಉಳಿದದ್ದು ಯಾಕೆ? ಈ ಪ್ರಶ್ನೆಗೆ ಉತ್ತರ ಹುಡುಕಲು ಮದ್ರಾಸಿಗಿಂತ ಒಳ್ಳೆಯ ಊರು ಸಿಗುವುದು ಕಷ್ಟ. ಶಾಲೆಯಲ್ಲಿ ಬರೆಯುವುದನ್ನು ಕಲಿಸುವ ಬಗ್ಗೆ ಇಷ್ಟು ಪ್ರಯೋಗ ಕಂಡ ನಗರ ಭಾರತದಲ್ಲಿ ಅಪರೂಪ.

ಎಗ್ಮೋರಿನ ಮರಳು

ಕ್ಯಾಂಪ್‌ಬೆಲ್ ವರದಿ ಬರೆಯುವ ಹೊತ್ತಿಗೆ ಮರಳಿನ ವಿದ್ಯೆ ಇಂಗ್ಲೆಂಡಿಗೆ ಹೋಗಿ ಕಾಲು ಶತಮಾನವೇ ಆಗಿತ್ತು. ಅದನ್ನು ಒಯ್ದವನು ಆಂಡ್ರ್ಯೂ ಬೆಲ್ ಎಂಬ ಸ್ಕಾಟಿಷ್ ಪಾದ್ರಿ. 1787ರಲ್ಲಿ ಮದ್ರಾಸಿಗೆ ಬಂದ ಬೆಲ್, 1789ರಲ್ಲಿ ಎಗ್ಮೋರಿನಲ್ಲಿ ಶುರುವಾದ ಗಂಡುಮಕ್ಕಳ ಅನಾಥಾಲಯದ ಮೇಲ್ವಿಚಾರಕನಾದ. ಯುರೋಪಿಯನ್ ಸೈನಿಕರ ಮಕ್ಕಳಿಗಾಗಿ ಇದ್ದ ಶಾಲೆ ಅದು. ಪಾಠ ಮುಂದೆ ಸಾಗುತ್ತಿರಲಿಲ್ಲ, ಅಧ್ಯಾಪಕರಿಗೂ ಉತ್ಸಾಹವಿರಲಿಲ್ಲ.

ಒಂದು ಬೆಳಿಗ್ಗೆ ಕುದುರೆ ಸವಾರಿ ಹೊರಟಿದ್ದಾಗ ಬೆಲ್ ಒಂದು ‘ಮಲಬಾರ್’ ಶಾಲೆಯನ್ನು ಕಂಡ. ಆಗಿನ ಯುರೋಪಿಯನ್ನರ ಬಾಯಲ್ಲಿ ಮಲಬಾರ್ ಎಂದರೆ ತಮಿಳು. ಮಕ್ಕಳು ನೆಲದ ಮೇಲೆ ಕೂತು ಮರಳಿನಲ್ಲಿ ಬೆರಳಾಡಿಸಿ ಅಕ್ಷರ ಬರೆಯುತ್ತಿದ್ದರು. ತನ್ನ ಶಾಲೆಯಲ್ಲೂ ಹಾಗೆ ಮಾಡಿ ಎಂದು ಅಧ್ಯಾಪಕರಿಗೆ ಹೇಳಿದ. ಅವರು ಒಪ್ಪಲಿಲ್ಲ. ಆಗ ಜಾನ್ ಫ್ರಿಸ್ಕೆನ್ ಎಂಬ ಎಂಟು ವರ್ಷದ ಹುಡುಗನಿಗೆ ಅಕ್ಷರದ ತರಗತಿಯನ್ನು ಒಪ್ಪಿಸಿದ. ಹುಡುಗ ಕಲಿಸಿಬಿಟ್ಟ. 1796ರಲ್ಲಿ ಬೆಲ್ ಊರು ಬಿಟ್ಟ. ಮರುವರ್ಷ ಲಂಡನ್ನಿನಲ್ಲಿ ತನ್ನ ಪ್ರಯೋಗದ ಕಥೆಯನ್ನು ಪುಸ್ತಕ ಮಾಡಿದ. ‘ಮದ್ರಾಸ್ ಪದ್ಧತಿ’ ಎಂಬ ಹೆಸರಿನಲ್ಲಿ ಅದು ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಿಗೆ ಹರಡಿತು. ಅವನ ದುಡ್ಡಿನಲ್ಲಿ ಸೇಂಟ್ ಆಂಡ್ರೂಸ್ ಊರಲ್ಲಿ 1833ರಲ್ಲಿ ತೆರೆದ ಶಾಲೆಯ ಹೆಸರು ಇವತ್ತಿಗೂ ಮದ್ರಾಸ್ ಕಾಲೇಜ್.

ಬೆಲ್ ಜೊತೆಗೆ ಒಯ್ದದ್ದು ಎರಡು: ಮರಳಿನ ತಟ್ಟೆ, ಮತ್ತು ಮಕ್ಕಳಿಂದಲೇ ಮಕ್ಕಳಿಗೆ ಪಾಠ. ಎರಡೂ ಅಗ್ಗ. ಒಬ್ಬ ಮೇಷ್ಟರನ್ನಿಟ್ಟುಕೊಂಡು ನೂರಾರು ಮಕ್ಕಳಿಗೆ ಅಕ್ಷರ ಕಲಿಸಬಹುದು ಎಂಬುದೇ ಅದರ ಆಕರ್ಷಣೆ. ಎಂಟು ವರ್ಷದ ಹುಡುಗ ನಾಲ್ಕು ವರ್ಷದವನಿಗೆ ಅಕ್ಷರ ಕಲಿಸಬಲ್ಲ. ಉಕ್ತಲೇಖನ ಕೊಟ್ಟು ತಪ್ಪು ಎಣಿಸಬಲ್ಲ. ಆದರೆ ಇನ್ನೊಬ್ಬ ಹುಡುಗ ಬರೆದ ಸ್ವಂತ ಪ್ಯಾರಾ ಓದಿ, ಇಲ್ಲಿ ನಿನ್ನ ಮಾತು ಅರ್ಥವಾಗಲಿಲ್ಲ, ಇದು ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳುವ ಕೆಲಸವನ್ನು ಅವನಿಗೆ ಯಾರೂ ಒಪ್ಪಿಸಲಿಲ್ಲ. ಬಡವರ ಮಕ್ಕಳು ಅಷ್ಟು ಬರೆಯಬೇಕು ಎಂಬ ಆಸೆ ಬೆಲ್‌ಗೂ ಇರಲಿಲ್ಲ.

ಹಾಗಿದ್ದರೂ ಮರಳಿಗೆ ಒಂದು ಗುಣವಿತ್ತು. ಅದರಲ್ಲಿ ತಪ್ಪಿಗೆ ಬೆಲೆಯಿಲ್ಲ. ಅಂಗೈ ಆಡಿಸಿದರೆ ತಪ್ಪು ಮಾಯ. ಕಡತವೂ ಹಾಗೇ, ಸ್ಲೇಟೂ ಹಾಗೇ. ಈಗ ಹದಿನೈದು ಇಪ್ಪತ್ತು ವರ್ಷ ಬರೆದು ಪಳಗಿದವರು ಕರಡು ಎನ್ನುವುದನ್ನು ಮಗು ಮರಳಿನ ಮೇಲೆ ದಿನಕ್ಕೆ ಹತ್ತು ಸಲ ಮಾಡುತ್ತಿತ್ತು. ಸ್ಲೇಟು ಬಿಟ್ಟು ನೋಟ್‌ಬುಕ್ಕಿಗೆ ಬಂದ ದಿನ ಈ ಸ್ವಾತಂತ್ರ್ಯ ಹೋಗುತ್ತದೆ. ನೋಟ್‌ಬುಕ್ಕಿನಲ್ಲಿ ಹೊಡೆದುಹಾಕಿದರೆ ಗಲೀಜು, ಹಾಳೆ ಹರಿದರೆ ಬೈಗುಳ, ತಪ್ಪಿದರೆ ಕೆಂಪು ಶಾಯಿ. ತಪ್ಪಿಲ್ಲದೆ ತುಂಬಲು ಸುಲಭವಾದ ದಾರಿ ಒಂದೇ: ಬೋರ್ಡಿನಿಂದ ಮಕ್ಕಿಕಾಮಕ್ಕಿ ಇಳಿಸಿಕೊಳ್ಳುವುದು.

ಇನ್‌ಸ್ಪೆಕ್ಟರ್ ಬರುವ ದಿನ

ಮನ್ರೋ ಕೇಳಿಸಿದ ಲೆಕ್ಕದಲ್ಲಿ ಇಡೀ ಪ್ರಾಂತಕ್ಕೆ 12,498 ಶಾಲೆಗಳು, 1,88,650 ಮಕ್ಕಳು ಸಿಕ್ಕಿದ್ದರು. ಆ ಕಾಗದಗಳು ಮದ್ರಾಸಿನ ದಾಖಲೆಗಳಲ್ಲಿ ಮಲಗಿದ್ದವು; 1983ರಲ್ಲಿ ಧರ್ಮಪಾಲರು ಅವನ್ನು ಪುಸ್ತಕವಾಗಿ ತಂದ ಮೇಲೆ ಜನ ಮತ್ತೆ ಅವುಗಳ ಬಗ್ಗೆ ಮಾತಾಡತೊಡಗಿದರು.

ಆ ಹಳೆಯ ಶಾಲೆಗಳು ಒಂದೇ ದಿನ ಮುಚ್ಚಲಿಲ್ಲ. 1860ರ ದಶಕದಿಂದ ಮದ್ರಾಸ್ ಸರ್ಕಾರ ಫಲಿತಾಂಶ ನೋಡಿ ಹಣ ಕೊಡುವ ಪದ್ಧತಿ ತಂದಿತು. ಇನ್‌ಸ್ಪೆಕ್ಟರ್ ಬಂದು ಓದು, ಬರಹ, ಲೆಕ್ಕದಲ್ಲಿ ಮಕ್ಕಳನ್ನು ಪರೀಕ್ಷೆ ಮಾಡುತ್ತಾನೆ. ಎಷ್ಟು ಮಂದಿ ಪಾಸೋ ಅದರ ಮೇಲೆ ಶಾಲೆಗೆ ಅನುದಾನ. ಊರಿನ ಎಷ್ಟೋ ಜಗಲಿ ಶಾಲೆಗಳು ಹೀಗೆ ಸರ್ಕಾರದ ತೆಕ್ಕೆಗೆ ಬಂದವು. ಒಂದು ಮಧ್ಯಾಹ್ನದಲ್ಲಿ ಹತ್ತಾರು ಮಕ್ಕಳನ್ನು ನೋಡಿ ಮುಗಿಸಬೇಕಾದ ಇನ್‌ಸ್ಪೆಕ್ಟರ್ ಬರಹವನ್ನು ಅಳೆಯುವುದು ಹೇಗೆ? ಕಾಗುಣಿತ, ಅಂದದ ಅಕ್ಷರ, ಉಕ್ತಲೇಖನ. ಇವಕ್ಕೆ ಸರಿ ತಪ್ಪು ಹಾಕಬಹುದು. ಮಗುವಿನ ಸ್ವಂತ ವಾಕ್ಯಕ್ಕೆ ಅಷ್ಟು ಸುಲಭವಾಗಿ ಸರಿ ತಪ್ಪು ಹಾಕಲು ಬರುವುದಿಲ್ಲ. ಮೇಷ್ಟರ ಅನ್ನ ಅದರ ಮೇಲೆ ನಿಂತಿದ್ದಾಗ ಅವರು ಯಾವುದನ್ನು ಕಲಿಸುತ್ತಾರೆಂದು ಬೇರೆ ಹೇಳಬೇಕಿಲ್ಲ.

ಫಲಿತಾಂಶಕ್ಕೆ ಹಣ ಕೊಡುವ ಪದ್ಧತಿ ಹೋದರೂ ಅದು ಬಿಟ್ಟುಹೋದ ಅಭ್ಯಾಸ ಹೋಗಲಿಲ್ಲ. ಪಠ್ಯಪುಸ್ತಕದ ಕೊನೆಗೆ ಪ್ರಶ್ನೆ, ಬೋರ್ಡಿನ ಮೇಲೆ ಉತ್ತರ, ನೋಟ್‌ಬುಕ್ಕಿನಲ್ಲಿ ನಕಲು, ಪರೀಕ್ಷೆಯಲ್ಲಿ ನೆನಪು. ತಮಿಳುನಾಡಿನಲ್ಲಿ ಕೋನಾರ್ ನೋಟ್ಸ್ ಎಂದರೆ ಗೊತ್ತಿಲ್ಲದ ಮನೆಯಿಲ್ಲ. ಕರ್ನಾಟಕದಲ್ಲಿ ‘ಗೈಡು’ ಎಂದರೆ ಸಾಕು. ಮದ್ರಾಸಿನ ಪುರಸವಾಕ್ಕಂನಲ್ಲಿ ಹುಟ್ಟಿ ಮೈಸೂರಿನಲ್ಲಿ ಬಾಳಿದ ಆರ್. ಕೆ. ನಾರಾಯಣ್ 1989ರಲ್ಲಿ ರಾಜ್ಯಸಭೆಯಲ್ಲಿ ಶಾಲೆಯ ಚೀಲದ ಭಾರದ ಬಗ್ಗೆ ಮಾತಾಡಿದರು. ಆ ಮಾತು ಯಶ್‌ಪಾಲ್ ಸಮಿತಿಗೆ ಕಾರಣವಾಯಿತು. 1993ರಲ್ಲಿ ಬಂದ ಸಮಿತಿಯ ವರದಿಯ ತಿರುಳು, ಚೀಲಕ್ಕಿಂತ ದೊಡ್ಡ ಭಾರ ಅರ್ಥವಾಗದೆ ಹೊರುವ ಪಾಠ ಎಂಬುದು. ಕ್ಯಾಂಪ್‌ಬೆಲ್‌ನ ಗಿಳಿ 170 ವರ್ಷವಾದ ಮೇಲೂ ಶಾಲೆಯಲ್ಲೇ ಇತ್ತು.

ಹುಡುಕಲು ಒಂದು ಜಾಗ

ಸ್ವಂತ ವಾಕ್ಯ ಬರೆಯಬೇಕಾದರೆ ಮಗುವಿಗೆ ಹೇಳಲು ಏನಾದರೂ ಇರಬೇಕು. ಪಾಠದ ಪುಸ್ತಕ ಒಂದೇ ಇದ್ದಾಗ ಅದನ್ನೇ ತಿರುಗಿಸಿ ಬರೆಯಬೇಕು. ಎರಡನೆಯ ಪುಸ್ತಕ ಬಂದ ಕೂಡಲೇ ಹೋಲಿಕೆ ಶುರುವಾಗುತ್ತದೆ. ಇಲ್ಲಿ ಹೀಗಿದೆ, ಅಲ್ಲಿ ಹಾಗಿದೆ, ಯಾವುದು ಸರಿ? ಸಂಶೋಧನೆ ಎಂಬ ದೊಡ್ಡ ಮಾತಿನ ಚಿಕ್ಕ ರೂಪ ಇಷ್ಟೇ.

ಈ ಎರಡನೆಯ ಪುಸ್ತಕಕ್ಕಾಗಿ ಜೀವ ತೇಯ್ದವರು ಎಸ್. ಆರ್. ರಂಗನಾಥನ್. 1917ರಲ್ಲಿ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಗಣಿತ ಹೇಳಲು ಶುರುಮಾಡಿದ ಅವರು, 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. 1931ರಲ್ಲಿ ಮದ್ರಾಸ್ ಗ್ರಂಥಾಲಯ ಸಂಘ ಪ್ರಕಟಿಸಿದ ಅವರ ಐದು ಸೂತ್ರಗಳಲ್ಲಿ ಮೊದಲನೆಯದು, ಪುಸ್ತಕ ಇರುವುದು ಬಳಸುವುದಕ್ಕೆ ಎಂಬ ಸರಳ ಮಾತು. ಬೀರುವಿಗೆ ಬೀಗ ಹಾಕಿ, ಕೀಲಿ ಹೆಡ್‌ಮಾಸ್ಟರ ಜೇಬಿನಲ್ಲಿಟ್ಟುಕೊಳ್ಳುವ ಶಾಲೆಗಳಿಗೆ ಆ ಮಾತು ಈಗಲೂ ಹೊಸದೇ. ಶಾಲಾ ಕಾಲೇಜು ಗ್ರಂಥಾಲಯಗಳ ಬಗ್ಗೆ ಅವರು ಪ್ರತ್ಯೇಕ ಪುಸ್ತಕವನ್ನೇ ಬರೆದರು. ಅವರ ಹೋರಾಟದಿಂದ 1948ರಲ್ಲಿ ಮದ್ರಾಸ್ ಸಾರ್ವಜನಿಕ ಗ್ರಂಥಾಲಯ ಕಾಯಿದೆ ಬಂತು. ಸ್ವತಂತ್ರ ಭಾರತದಲ್ಲಿ ಅಂಥದ್ದು ಅದೇ ಮೊದಲು. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು, 1972ರಲ್ಲಿ ಅಲ್ಲೇ ತೀರಿಕೊಂಡರು.

ಮಕ್ಕಳೇ ತೆರೆದು ನೋಡಬಹುದಾದ ಆಕರ ಗ್ರಂಥವೂ ಬೇಕಿತ್ತಲ್ಲ. ಅಂದಿನ ಮದ್ರಾಸ್ ಪ್ರಾಂತಕ್ಕೇ ಸೇರಿದ್ದ ಪುತ್ತೂರಿನಲ್ಲಿ ಕೂತು ಶಿವರಾಮ ಕಾರಂತರು ಮಕ್ಕಳಿಗಾಗಿ ‘ಬಾಲ ಪ್ರಪಂಚ’ದ ಮೂರು ಸಂಪುಟ ಬರೆದರು. ಅದು ಬಂದದ್ದು 1936ರಲ್ಲಿ. ತಮಿಳಿನಲ್ಲಿ ಪೆರಿಯಸಾಮಿ ತೂರನ್ ನೇತೃತ್ವದಲ್ಲಿ ಮಕ್ಕಳ ವಿಶ್ವಕೋಶದ ಹತ್ತು ಸಂಪುಟಗಳು 1968ರಿಂದ 1976ರ ನಡುವೆ ಮದ್ರಾಸಿನಲ್ಲಿ ಹೊರಬಂದವು. ಈ ವಿಷಯದಲ್ಲಿ ಕನ್ನಡ ಮೂರು ದಶಕ ಮುಂದಿತ್ತು.

ಗ್ರಂಥಾಲಯ ಊರಿನಲ್ಲಿ ಬೆಳೆಯಿತು, ವಿಶ್ವಕೋಶ ಬೀರುವಿನಲ್ಲಿ ಕೂತಿತು. ತರಗತಿಯ ಒಳಗೆ ಮಾತ್ರ ಎರಡನೆಯ ಪುಸ್ತಕ ತೆರೆಯುವ ಕೆಲಸ ಬರಲಿಲ್ಲ, ಯಾಕೆಂದರೆ ಪರೀಕ್ಷೆ ಅದನ್ನು ಕೇಳುತ್ತಿರಲಿಲ್ಲ. ಮುಂದೆ ‘ಪ್ರಾಜೆಕ್ಟ್’ ಬಂದಾಗಲೂ ಸ್ಟೇಷನರಿ ಅಂಗಡಿ ಅದಕ್ಕೆ ಪರಿಹಾರ ಕಂಡುಹಿಡಿಯಿತು. ಮುಂದೆ ಚಿತ್ರ, ಹಿಂದೆ ಅದರ ವಿವರ ಅಚ್ಚಾಗಿರುವ ಹಾಳೆಗಳು. ಕತ್ತರಿಸು, ಅಂಟಿಸು, ಹಿಂದಿನದನ್ನು ನಕಲು ಮಾಡು. ಸಂಶೋಧನೆ ಮುಗಿಯಿತು.

ಹದಿಮೂರು ಶಾಲೆಗಳು

2003ರಲ್ಲಿ ಚೆನ್ನೈ ಮಹಾನಗರ ಪಾಲಿಕೆಯ ಕಮಿಷನರ್ ಆಗಿದ್ದವರು ಎಂ. ಪಿ. ವಿಜಯಕುಮಾರ್. ಹಿಂದೆ ವೆಲ್ಲೂರಿನಲ್ಲಿ ಕಲೆಕ್ಟರ್ ಆಗಿದ್ದಾಗ, ದುಡಿಮೆಯಿಂದ ಬಿಡಿಸಿ ತಂದ ಮಕ್ಕಳಿಗಾಗಿ ನಡೆಸಿದ ವಿಶೇಷ ಶಾಲೆಗಳಲ್ಲಿ ಅವರೊಂದು ವಿಷಯ ಕಂಡಿದ್ದರು: ವಯಸ್ಸು ಬೇರೆ, ಕಲಿಕೆಯ ಹಂತ ಬೇರೆ ಇರುವ ಮಕ್ಕಳನ್ನು ಒಂದೇ ಪಾಠಕ್ಕೆ ಕಟ್ಟಿಹಾಕಲು ಆಗುವುದಿಲ್ಲ. ಅದಕ್ಕೆ ದಾರಿ ಸಿಕ್ಕಿದ್ದು ಆಂಧ್ರದ ಋಷಿವ್ಯಾಲಿಯಲ್ಲಿ. ಅಲ್ಲಿ ಪದ್ಮನಾಭ ರಾವ್ ಮತ್ತು ರಮಾ ದಂಪತಿ 1980ರ ದಶಕದ ಕೊನೆಯಿಂದ ಸುತ್ತಲ ಹಳ್ಳಿಗಳ ಏಕೋಪಾಧ್ಯಾಯ ಶಾಲೆಗಳಿಗಾಗಿ ಕಾರ್ಡುಗಳನ್ನೂ ‘ಕಲಿಕೆಯ ಏಣಿ’ಯನ್ನೂ ರೂಪಿಸಿದ್ದರು. ಅವರ ಹಿಂದೆ ಇನ್ನೊಂದು ಹೆಸರಿದೆ: 1972ರಲ್ಲಿ ಕೋಲಾರ ಜಿಲ್ಲೆಯಲ್ಲಿ ನೀಲ್‌ಬಾಗ್ ಶಾಲೆ ತೆರೆದ ಡೇವಿಡ್ ಹಾರ್ಸ್‌ಬರ್ಗ್.

ಇದೇ ಋಷಿವ್ಯಾಲಿಗೆ 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಿಂದ ಸರ್ಕಾರಿ ಶಾಲೆಯ ಮೇಷ್ಟರ ತಂಡವೊಂದು ಹೋಗಿ ಬಂತು. ಯುನಿಸೆಫ್ ನೆರವಿನಿಂದ ಅವರು ಕಟ್ಟಿದ್ದೇ ‘ನಲಿ-ಕಲಿ’. ಒಂದೇ ಬುಡದಿಂದ ಎರಡು ಕೊಂಬೆ ಒಡೆದವು: ಒಂದು ಕನ್ನಡಕ್ಕೆ, ಒಂದು ಚೆನ್ನೈಗೆ.

ಚೆನ್ನೈಯಲ್ಲಿ ಮೊದಲು ಪಾಲಿಕೆಯ 13 ಶಾಲೆಗಳು, ಆಮೇಲೆ ಪಾಲಿಕೆಯ ಉಳಿದ ಶಾಲೆಗಳು, 2007-08ರ ಹೊತ್ತಿಗೆ ತಮಿಳುನಾಡಿನ 37 ಸಾವಿರಕ್ಕೂ ಹೆಚ್ಚು ಶಾಲೆಗಳು. ಒಂದರಿಂದ ನಾಲ್ಕನೆಯ ತರಗತಿಯವರೆಗೆ ಬೆಂಚು ಹೋಗಿ ಚಾಪೆ ಬಂತು. ಪಾಲಿಕೆ ಶಾಲೆಗೆ ಬರುತ್ತಿದ್ದವರು ಹೆಚ್ಚಾಗಿ ಕೂಲಿಯವರ, ಮನೆಕೆಲಸದವರ ಮಕ್ಕಳು. ನಡುನಡುವೆ ಶಾಲೆ ತಪ್ಪುವವರು. ಏಣಿಯ ಪದ್ಧತಿಯಲ್ಲಿ ಹತ್ತು ದಿನ ತಪ್ಪಿದ ಮಗು ಬಿಟ್ಟ ಮೆಟ್ಟಿಲಿನಿಂದಲೇ ಹತ್ತಬಹುದು.

ಬರವಣಿಗೆಯ ದೃಷ್ಟಿಯಿಂದ ಎರಡು ಬದಲಾವಣೆ ಮುಖ್ಯ. ಕೋಣೆಯ ಗೋಡೆಗಳ ಉದ್ದಕ್ಕೂ, ಕೂತ ಮಗುವಿನ ಎತ್ತರಕ್ಕೆ, ಕಪ್ಪು ಹಲಗೆ ಬಳಿದರು. ಅದರಲ್ಲಿ ಪ್ರತಿ ಮಗುವಿಗೂ ತನ್ನದೇ ಒಂದು ಭಾಗ. ಮೇಷ್ಟರ ಬೋರ್ಡು ಮಕ್ಕಳ ಬೋರ್ಡಾಯಿತು. ಬರೆದು ಒರೆಸುವ ಸ್ವಾತಂತ್ರ್ಯ ಮರಳಿ ಬಂತು. ಎಗ್ಮೋರಿನ ಮರಳು ಇನ್ನೂರು ವರ್ಷದ ಮೇಲೆ ಗೋಡೆ ಹತ್ತಿತು ಎನ್ನಬಹುದು. ಎರಡನೆಯದು, ತಲೆಯ ಮೇಲೆ ಕಟ್ಟಿದ ತಂತಿ. ಅದಕ್ಕೆ ‘ಕಂಬಿ ಪಂದಲ್’ ಎಂದು ಹೆಸರು. ಮಕ್ಕಳು ಬರೆದದ್ದು, ಬಿಡಿಸಿದ್ದು ಅಲ್ಲಿ ತೂಗುತ್ತಿತ್ತು. ಮೇಷ್ಟರಲ್ಲದೆ ಬೇರೆಯವರೂ ಓದುತ್ತಾರೆ ಎಂದು ಮಗುವಿಗೆ ಗೊತ್ತಾದಾಗ ಬರಹದ ರೀತಿಯೇ ಬೇರೆಯಾಗುತ್ತದೆ.

ಐದರಿಂದ ಎಂಟು

ನಲಿ-ಕಲಿ 2009-10ರಿಂದ ಕರ್ನಾಟಕದ ಸರ್ಕಾರಿ ಕನ್ನಡ ಶಾಲೆಗಳಿಗೆಲ್ಲ ಹರಡಿತು, ಆದರೆ ಮೂರನೆಯ ತರಗತಿಗೆ ನಿಂತಿತು. ನಾಲ್ಕಕ್ಕೆ ಬಂದ ಮಗು ಚಾಪೆಯಿಂದೆದ್ದು ಬೆಂಚಿಗೆ, ಕಾರ್ಡಿನಿಂದ ಪಠ್ಯಪುಸ್ತಕಕ್ಕೆ ಹೋಗುತ್ತದೆ. ತಮಿಳುನಾಡು ಇಲ್ಲಿ ಒಂದು ಹೆಜ್ಜೆ ಮುಂದಿಟ್ಟಿತು. ಆರರಿಂದ ಎಂಟನೆಯ ತರಗತಿಗೆ ‘ಸಕ್ರಿಯ ಕಲಿಕಾ ವಿಧಾನ’ ಎಂಬುದನ್ನೂ, ಐದನೆಯ ತರಗತಿಗೆ ಅದರ ಸರಳ ರೂಪವನ್ನೂ ತಂದಿತು. ಕಲಿಯುವುದಕ್ಕಾಗಿ ಬರೆಯುವುದನ್ನು ಸರ್ಕಾರಿ ಶಾಲೆಯ ದಿನಚರಿಯಲ್ಲಿ ಇಷ್ಟು ದೊಡ್ಡ ಪ್ರಮಾಣದಲ್ಲಿ ತಂದ ಪ್ರಯತ್ನ ಭಾರತದಲ್ಲಿ ವಿರಳ.

ಅದರ ಕ್ರಮ ಸುಮಾರಾಗಿ ಹೀಗೆ. ಮಕ್ಕಳು ಪಾಠವನ್ನು ತಾವೇ ಓದುತ್ತಾರೆ. ಗೊತ್ತಿಲ್ಲದ ಪದಗಳಿಗೆ ಗೆರೆ ಎಳೆದು ಅರ್ಥ ಹುಡುಕುತ್ತಾರೆ. ಆಮೇಲೆ ಪ್ರತಿಯೊಬ್ಬರೂ ಒಂದು ಮನೋನಕ್ಷೆ ಬರೆಯುತ್ತಾರೆ: ನಡುವೆ ವಿಷಯ, ಸುತ್ತ ಕವಲುಗಳು, ಕವಲಿಗೊಂದು ಪದ. ಗುಂಪಿನಲ್ಲಿ ನಕ್ಷೆಗಳನ್ನು ಹೋಲಿಸಿ ಒಂದು ಮಾಡುತ್ತಾರೆ. ಸಾರಾಂಶ ಹೇಳುತ್ತಾರೆ, ಬರೆಯುತ್ತಾರೆ, ತರಗತಿಯ ಮುಂದೆ ಮಂಡಿಸುತ್ತಾರೆ, ಪ್ರಶ್ನೆಗಳಿಗೆ ಉತ್ತರ ಕೊಡುತ್ತಾರೆ.

ಮನೋನಕ್ಷೆ 1970ರ ದಶಕದಲ್ಲಿ ಟೋನಿ ಬುಝಾನ್ ಎಂಬ ಇಂಗ್ಲಿಷ್ ಲೇಖಕ ಜನಪ್ರಿಯಗೊಳಿಸಿದ ಉಪಾಯ. ಅದರಲ್ಲಿ ಹೊಸದೇನಿದೆ ಎಂದು ಕೇಳಬಹುದು. ನಕಲನ್ನು ತಡೆಯುವ ಗುಣ ಅದರ ರಚನೆಯಲ್ಲೇ ಇದೆ. ನಕ್ಷೆಯಲ್ಲಿ ಪದಗಳಷ್ಟೇ ಇರುತ್ತವೆ, ವಾಕ್ಯವಿರುವುದಿಲ್ಲ. ‘ಕೆರೆ’, ‘ಹೂಳು’, ‘ಮಳೆ’ ಎಂಬ ಮೂರು ಪದಗಳಿಂದ ವಾಕ್ಯ ಮಾಡಬೇಕಾದರೆ ಮಗು ವಿಭಕ್ತಿ ಹಚ್ಚಬೇಕು, ಕ್ರಿಯಾಪದ ಹುಡುಕಬೇಕು. ಕೆರೆಯಲ್ಲಿ ಹೂಳು ತುಂಬಿದ್ದರಿಂದ ಮಳೆ ನೀರು ನಿಲ್ಲುವುದಿಲ್ಲವೋ, ಮಳೆ ಬಂದು ಕೆರೆಗೆ ಹೂಳು ತಂದಿತೋ? ಮೂರೇ ಪದ, ಎರಡು ಬೇರೆ ಮಾತು. ತಮಿಳು, ಕನ್ನಡದಂಥ ಭಾಷೆಯಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ, ಯಾವುದರಿಂದ ಏನಾಯಿತು ಎಂದು ನಿರ್ಧರಿಸದೆ ವಾಕ್ಯ ಮುಗಿಸಲು ಆಗುವುದಿಲ್ಲ. ಆ ನಿರ್ಧಾರವೇ ಯೋಚನೆ.

ಆದರೆ ನಕ್ಷೆಯನ್ನೂ ನಕಲು ಮಾಡಬಹುದು. ಒಂದು ವಿಧಾನ ಹದಿಮೂರು ಶಾಲೆಯಿಂದ ಸಾವಿರಾರು ಶಾಲೆಗೆ ಹೋಗುವಾಗ ಅದರ ಹಂತಗಳು ಹೋಗುತ್ತವೆ, ಅದರ ಕಾರಣ ಹಿಂದೆ ಉಳಿಯುತ್ತದೆ. ನೋಡಲು ಬಂದ ಅಧಿಕಾರಿಗೆ ಎಲ್ಲ ನೋಟ್‌ಬುಕ್ಕಿನಲ್ಲೂ ನಕ್ಷೆ ಕಾಣಬೇಕು ಎಂದಾದರೆ, ಮೇಷ್ಟರು ಬೋರ್ಡಿನ ಮೇಲೆ ಒಂದು ನಕ್ಷೆ ಬರೆಯುವುದು ಸುಲಭ. ಫಲಿತಾಂಶಕ್ಕೆ ಹಣ ಕೊಟ್ಟ ಕಾಲದಲ್ಲಿ ಆದದ್ದೂ ಇದೇ.

ಎರಡು ತಮಿಳು, ಎರಡು ಕನ್ನಡ

ಇನ್ನೊಂದು ಅಡ್ಡಿ ವಿಧಾನದ್ದಲ್ಲ, ಭಾಷೆಯದ್ದು. ಭಾಷಾವಿಜ್ಞಾನಿ ಚಾರ್ಲ್ಸ್ ಫರ್ಗುಸನ್ 1959ರಲ್ಲಿ, ಒಂದೇ ಸಮಾಜ ಮಾತಿಗೊಂದು ಬರಹಕ್ಕೊಂದು ಎಂದು ಒಂದೇ ಭಾಷೆಯ ಎರಡು ರೂಪಗಳನ್ನು ಇಟ್ಟುಕೊಳ್ಳುವ ಸ್ಥಿತಿಯನ್ನು ವಿವರಿಸಿದ. ತಮಿಳು ಅದಕ್ಕೆ ಎದ್ದುಕಾಣುವ ಉದಾಹರಣೆ. ‘ಅವರು ಬಂದರು’ ಎನ್ನಲು ಮಗು ಮನೆಯಲ್ಲಿ ‘ವಂದಾಂಗ’ ಎನ್ನುತ್ತದೆ. ಪುಸ್ತಕದಲ್ಲಿ ಅದು ‘ವಂದಾರ್ಗಳ್’. ಕುಡಿಯುವುದು ‘ತಣ್ಣಿ’, ಬರೆಯುವುದು ‘ತಣ್ಣೀರ್’. ವ್ಯಾಸರ್ಪಾಡಿಯ ಮಗು ತನ್ನ ಬೀದಿಯ ಬಗ್ಗೆ ಸ್ವಂತ ವಾಕ್ಯ ಬರೆಯಬೇಕಾದರೆ ಮೊದಲು ತನ್ನ ಮಾತನ್ನು ತಾನೇ ಅನುವಾದ ಮಾಡಬೇಕು. ನಕಲಿಗೆ ಈ ತೊಂದರೆಯಿಲ್ಲ. ನಕಲು ಯಾವಾಗಲೂ ಶುದ್ಧ ತಮಿಳಿನಲ್ಲೇ ಇರುತ್ತದೆ.

ಕನ್ನಡದ ಅಂತರ ಅಷ್ಟು ದೊಡ್ಡದಲ್ಲದಿದ್ದರೂ ಇದೆ. ‘ಹೋಗ್ತೀನಿ’ ಎನ್ನುವ ಮಗು ‘ಹೋಗುತ್ತೇನೆ’ ಬರೆಯಬೇಕು. ಧಾರವಾಡದ ಮಗುವಿಗೆ, ಕುಂದಾಪುರದ ಮಗುವಿಗೆ ದಾರಿ ಇನ್ನೂ ದೂರ. ತಾಳವಾಡಿ, ಹೊಸೂರು, ಚೆನ್ನೈಗಳಲ್ಲಿ ಬೆಳೆಯುವ ಕನ್ನಡ ಮನೆಯ ಮಕ್ಕಳ ಲೆಕ್ಕವೇ ಬೇರೆ. 2006ರ ತಮಿಳು ಕಲಿಕಾ ಕಾಯಿದೆಯ ನಂತರ ಅವರು ಶಾಲೆಯಲ್ಲಿ ತಮಿಳು ಬರಹವನ್ನೂ ಕಲಿಯಬೇಕು. ಮನೆಯ ಮಾತು ಒಂದು, ಬೀದಿಯ ಮಾತು ಒಂದು, ನೋಟ್‌ಬುಕ್ಕಿನದು ಇನ್ನೊಂದು.

ಇದಕ್ಕೆ ಮದ್ದು ಹಳೆಯದೇ: ಮೊದಲು ಆಡುವ ಮಾತಿನಲ್ಲೇ ಬರೆಯಲು ಬಿಡುವುದು, ಆಮೇಲೆ ತಿದ್ದುವುದು. ಅಂದರೆ ಕರಡು. ಮೊದಲ ಕರಡಿನಲ್ಲಿ ‘ವಂದಾಂಗ’ ಕಂಡ ಕೂಡಲೇ ಕೆಂಪು ಗೆರೆ ಎಳೆದರೆ ಮಗು ಮರುದಿನ ಗೈಡಿನ ವಾಕ್ಯದೊಂದಿಗೆ ಬರುತ್ತದೆ. ಅದರಲ್ಲಿ ತಪ್ಪಿರುವುದಿಲ್ಲ, ಆ ಮಗುವೂ ಇರುವುದಿಲ್ಲ.

ಉತ್ತರ ಓದುವವರು

ಇಷ್ಟೆಲ್ಲ ಆದ ಮೇಲೆ ಮಗುವಿನ ವಾಕ್ಯವನ್ನು ಒಪ್ಪುವ ಪರೀಕ್ಷೆ ಬೇಕು. ಅದು ಅಸಾಧ್ಯವೇನಲ್ಲ. 1972ರಲ್ಲಿ ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ 16 ಶಾಲೆಗಳಲ್ಲಿ ಆರರಿಂದ ಎಂಟನೆಯ ತರಗತಿಗೆ ಹೊಸ ಬಗೆಯ ವಿಜ್ಞಾನ ಪಾಠ ಶುರುವಾಯಿತು. ಮಕ್ಕಳು ಪ್ರಯೋಗ ಮಾಡಿ, ಕಂಡದ್ದನ್ನು ತಮ್ಮ ಮಾತಿನಲ್ಲಿ ಬರೆಯಬೇಕು. ಉತ್ತರ ಪುಸ್ತಕದಲ್ಲಿ ಇರುವುದಿಲ್ಲ. ಅದಕ್ಕೆ ತಕ್ಕಂತೆ ಪರೀಕ್ಷೆಯನ್ನೂ ಬದಲಿಸಿದರು: ಪುಸ್ತಕ ತೆರೆದಿಟ್ಟುಕೊಂಡು ಬರೆಯುವ ಪರೀಕ್ಷೆ. ಮೂವತ್ತು ವರ್ಷ ನಡೆದ ಆ ಕಾರ್ಯಕ್ರಮವನ್ನು 2002ರಲ್ಲಿ ಸರ್ಕಾರ ನಿಲ್ಲಿಸಿತು.

1993ರಿಂದ ನಡೆಯುತ್ತಿರುವ ರಾಷ್ಟ್ರೀಯ ಮಕ್ಕಳ ವಿಜ್ಞಾನ ಸಮಾವೇಶವೂ ಇಂಥದ್ದೇ ಅವಕಾಶ. ತಮಿಳುನಾಡಿನಲ್ಲಿ ಸೈನ್ಸ್ ಫೋರಂ, ಕರ್ನಾಟಕದಲ್ಲಿ ರಾಜ್ಯ ವಿಜ್ಞಾನ ಪರಿಷತ್ತು ಇದರಲ್ಲಿ ತೊಡಗಿವೆ. ಹತ್ತು ವರ್ಷ ತುಂಬಿದ ಮಕ್ಕಳು ತಮ್ಮ ಊರಿನದೇ ಒಂದು ಪ್ರಶ್ನೆ ಆರಿಸಿಕೊಂಡು, ದಿನಚರಿ ಪುಸ್ತಕ ಇಟ್ಟು, ಮಾಹಿತಿ ಕೂಡಿಸಿ, ತಮ್ಮ ಭಾಷೆಯಲ್ಲೇ ವರದಿ ಬರೆಯಬಹುದು. ಬೀದಿಯ ಕೊಳವೆಬಾವಿಯ ನೀರಿನ ಬಗ್ಗೆ ಯಾವ ಗೈಡಿನಲ್ಲೂ ಉತ್ತರವಿಲ್ಲ. ಆದರೆ ಅದು ಆಯ್ದ ಕೆಲವರಿಗೆ, ಶಾಲೆಯ ಗಂಟೆ ಮುಗಿದ ಮೇಲೆ.

ಎಲ್ಲರಿಗೂ ಇರುವ ಪರೀಕ್ಷೆ ಹಿಂದಕ್ಕೆ ಎಳೆಯುತ್ತಲೇ ಇದೆ. 2019ರ ಸೆಪ್ಟೆಂಬರಿನಲ್ಲಿ ತಮಿಳುನಾಡು ಸರ್ಕಾರ 5 ಮತ್ತು 8ನೆಯ ತರಗತಿಗೆ ಪಬ್ಲಿಕ್ ಪರೀಕ್ಷೆ ಘೋಷಿಸಿತು. ವಿರೋಧ ಬಂದು 2020ರ ಫೆಬ್ರವರಿಯಲ್ಲಿ ಕೈಬಿಟ್ಟಿತು. ಕರ್ನಾಟಕದಲ್ಲಿ ಇದೇ ತರಗತಿಗಳ ಬೋರ್ಡ್ ಪರೀಕ್ಷೆಯ ಜಗಳ 2024ರಲ್ಲಿ ಸುಪ್ರೀಂ ಕೋರ್ಟಿನವರೆಗೆ ಹೋಯಿತು. ಪರೀಕ್ಷೆ ಬೇಕೋ ಬೇಡವೋ ಎಂಬ ವಾದ ಎರಡೂ ಕಡೆ ಜೋರಾಗಿ ನಡೆಯಿತು. ಆ ಪರೀಕ್ಷೆಯಲ್ಲಿ ಮಗು ಏನು ಬರೆಯಬೇಕು ಎಂಬ ಮಾತು ಅಷ್ಟು ಕೇಳಲಿಲ್ಲ.

ಕೊರೊನಾ ಬಂದು ಶಾಲೆ ಮುಚ್ಚಿದ ಮೇಲೆ ಎಲ್ಲರ ಗಮನ ಮತ್ತೆ ಅಕ್ಷರಕ್ಕೆ ಹೋಯಿತು. 2022ರ ಜೂನ್‌ನಲ್ಲಿ ತಮಿಳುನಾಡು ‘ಎಣ್ಣುಂ ಎೞುತ್ತುಂ’, ಅಂದರೆ ಅಂಕಿಯೂ ಅಕ್ಷರವೂ, ಎಂಬ ಕಾರ್ಯಕ್ರಮವನ್ನು ಮೂರನೆಯ ತರಗತಿಯವರೆಗೆ ತಂದು, ಮರುವರ್ಷ ಐದರವರೆಗೆ ಒಯ್ದಿತು. ಅದು ತಪ್ಪಲ್ಲ, ಓದಲು ಬಾರದ ಮಗು ಬರೆಯುವುದಾದರೂ ಹೇಗೆ? ಆದರೆ ನಮ್ಮ ಅಳತೆಗೋಲುಗಳೂ ಅಲ್ಲೇ ನಿಲ್ಲುತ್ತವೆ. ವರ್ಷ ವರ್ಷ ಚರ್ಚೆಯಾಗುವ ಅಸರ್ ಸಮೀಕ್ಷೆ, ಐದನೆಯ ತರಗತಿಯ ಮಗು ಎರಡನೆಯ ತರಗತಿಯ ಪಾಠ ಓದಬಲ್ಲುದೇ, ಭಾಗಾಕಾರ ಮಾಡಬಲ್ಲುದೇ ಎಂದು ನೋಡುತ್ತದೆ. ತಾನು ಕಂಡದ್ದನ್ನು ಐದು ವಾಕ್ಯದಲ್ಲಿ ಬರೆಯಬಲ್ಲುದೇ ಎಂದು ಅದು ಕೇಳುವುದಿಲ್ಲ.

ಇನ್ನೂರು ವರ್ಷದಲ್ಲಿ ಮದ್ರಾಸ್ ಸೀಮೆ ಬೇಕಾದದ್ದನ್ನೆಲ್ಲ ಒಂದಲ್ಲ ಒಂದು ಕಾಲದಲ್ಲಿ ಕಂಡುಕೊಂಡಿದೆ. ತಪ್ಪಿದರೆ ಒರೆಸಬಹುದಾದ ಮರಳು, ಕಡತ, ಗೋಡೆಯ ಹಲಗೆ. ಹುಡುಕಲು ಗ್ರಂಥಾಲಯ, ವಿಶ್ವಕೋಶ. ಪದದಿಂದ ವಾಕ್ಯಕ್ಕೆ ಹತ್ತಲು ಮನೋನಕ್ಷೆ. ಕಾಣೆಯಾಗಿರುವುದು ಇವು ಮೂರೂ ಒಂದೇ ಕೋಣೆಯಲ್ಲಿ, ಒಂದೇ ವರ್ಷದಲ್ಲಿ, ಹತ್ತರಿಂದ ಹದಿಮೂರು ವರ್ಷದ ಒಂದೇ ಮಗುವಿಗೆ ಸಿಗುವುದು. ಅದರ ಜೊತೆಗೆ, ಆ ಮಗು ಬರೆದದ್ದನ್ನು ಕೂತು ಓದಲು ಪುರುಸೊತ್ತಿರುವ ಒಬ್ಬ ಮೇಷ್ಟರು. ನಲವತ್ತು ನೋಟ್‌ಬುಕ್ಕಿನಲ್ಲಿ ಒಂದೇ ಉತ್ತರವಿದ್ದರೆ ತಿದ್ದಲು ಅರ್ಧ ಗಂಟೆ ಸಾಕು. ನಲವತ್ತು ಬೇರೆ ಬೇರೆ ಉತ್ತರವಿದ್ದರೆ ಒಂದು ಸಂಜೆ ಪೂರ್ತಿ ಬೇಕು. ಆ ಸಂಜೆಗೆ ಯಾವ ಸರ್ಕಾರವೂ ಇನ್ನೂ ವೇಳಾಪಟ್ಟಿಯಲ್ಲಿ ಜಾಗ ಮಾಡಿಲ್ಲ.